ಕಳ್ಳಸಾಗಣೆಯ ಸಿನಿಮಾದಲ್ಲಿ ನಾಗಿಯ ಹಾಡು

"ಆ ರೀಲು ಮಾರೂಕೆ ನಾ ಬಿಡೂದಿಲ್ಲ."

ಹೊನ್ನಾವರದ ರಾಜೀವನ ಬಾಗಿಲಲ್ಲಿ ನಿಂತು ಧನ್ಯಾ ಹೀಗೆಂದಾಗ, ಹಳೆಯ ಸಿನಿಮಾಗಳ ಸಂಗ್ರಾಹಕನಾದ ಅವನು ತಬ್ಬಿಬ್ಬಾದ.

"ನೀವು ಯಾರು?"

"ಕಾಗಾಲದ ನಾಗಿ ಮೊಮ್ಮಗಳು. ಅದ್ರಲ್ಲಿ ನಾಟಿ ಹಾಡು ಹೇಳ್ದೋಳು ನಮ್ಮಜ್ಜಿ."

ಐವತ್ತು ವರ್ಷದ ಹಿಂದಿನ ಚಿತ್ರವದು. ಚಿನ್ನದ ಕಳ್ಳಸಾಗಣೆಗಾರರು ದೋಣಿಯಿಂದಿಳಿದು ಗದ್ದೆಗೆ ನುಗ್ಗಿದರೂ ನಾಟಿಯ ಹೆಂಗಸರು ಹಾಡು ನಿಲ್ಲಿಸುವುದಿಲ್ಲ. ಉಳಿದಿರುವುದು ರಾಜೀವನ ಬಳಿಯ ಇದೊಂದೇ ಪ್ರತಿ. ಅದಕ್ಕೇ ಸಂಗ್ರಾಹಕರು ಅದನ್ನು ಕೊಳ್ಳಲು ಬಾಯಿಬಾಯಿ ಬಿಡುತ್ತಿದ್ದರು.

ನಾಟಿಯಲ್ಲಿ ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ತಿರುಗಿ ಹೇಳಬೇಕು. ಆದರೆ ಕಳ್ಳರ ಸಿನಿಮಾಕ್ಕೆ ಹಾಡಿದಳೆಂದು, ನಾಗಿಯ ಸೊಲ್ಲಿಗೆ ಮತ್ತೆ ಯಾರೂ ದನಿಗೂಡಿಸಲಿಲ್ಲ. ಅವಳು ಹಾಡುವುದನ್ನೇ ಬಿಟ್ಟಳು. ಅಜ್ಜಿ ಬದುಕಿರುವಾಗಲೇ ಊರಿಗೆ ಆ ಹಾಡು ತೋರಿಸಿ, ಅವಳ ಮರ್ಯಾದೆ ಮರಳಿ ಕೊಡಿಸಬೇಕೆಂಬುದು ಧನ್ಯಾಳ ಹಠ.

"ಭಾನುವಾರ ನಿಮ್ಮೂರಿಗೇ ತಂದು ತೋರಿಸ್ತೆ," ಎಂದ, ಇದನ್ನೆಲ್ಲ ಕೇಳಿದ ರಾಜೀವ.

ಆ ವಾರವಿಡೀ ಫೋನಿನಲ್ಲಿ ಮಾತು... ಅವನ ದನಿ ಕೇಳದಿದ್ದರೆ ಧನ್ಯಾಳಿಗೆ ಊಟ ಸೇರುತ್ತಿರಲಿಲ್ಲ.

ಶನಿವಾರ ಮುಂಬೈ ಸಂಗ್ರಾಹಕನೊಬ್ಬ ಜಾಲತಾಣದಲ್ಲಿ ಫೋಟೊ ಹಾಕಿದ್ದ. ಅವನ ಕೈಯಲ್ಲಿ ಅದೇ ಚಿತ್ರದ ಪೋಸ್ಟರ್, ಪಕ್ಕದಲ್ಲಿ ನಗುವ ರಾಜೀವ.

'ಮಾರಿಬಿಟ್ಟ... ನಂಬಿದ್ದೇ ನನ್ನ ತಪ್ಪು.' ಅವಳು ಅತ್ತಳು. ಅವನ ಕರೆ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ನೋಡಿದರೆ, ಅವನು ಕೋಣೆ ಕತ್ತಲಾಗಿಸಲು ಊರ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದ!

"ಪೋಸ್ಟರ್ ಕೊಟ್ಟೆ. ಬದಲಿಗೆ ಈ ಪ್ರೊಜೆಕ್ಟರ್ ತಂದೆ. ರೀಲು ಇಲ್ಲೇ ಇದೆ," ಎಂದ.

ಧನ್ಯಾಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ನಾಗಿಯ ಮಗ, ಧನ್ಯಾಳ ಅಪ್ಪ ಬೀರಪ್ಪ ಬಂದ. "ಆ ಕಳ್ಳರ ಸಿನಿಮಾ ಇಲ್ಲಿ ಬ್ಯಾಡ. ಅವ್ವಿ ಅನುಭವಿಸಿದ್ದು ಸಾಕು."

"ಹಾಕೇ ಹಾಕ್ತೆ ಅಪ್ಪಾ. ಅಜ್ಜಿ ಎಂತ ಕದ್ದಿದ್ದಾಳೆ, ಹೇಳು?"

ಬೀರಪ್ಪ ಗೋಡೆಗೊರಗಿ ನಿಂತ.

ತೆರೆಯ ಮೇಲೆ ಹರೆಯದ ನಾಗಿ ಸೊಲ್ಲು ಎತ್ತಿದಳು. ತುಂಬಿದ ಕೋಣೆಯಲ್ಲಿ ಯಾರೂ ತಿರುಗಿ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ನಾಗಿ ತಲೆ ತಗ್ಗಿಸಿದಳು.

ಧನ್ಯಾ ಎದ್ದು ನಿಂತು ಒಬ್ಬಳೇ ಹೇಳಿದಳು. ಮತ್ತೊಂದು ದನಿ ಸೇರಿತು, ರಾಗವಿಲ್ಲದ್ದು. ರಾಜೀವ!

"ಹಾಗಲ್ಲ ತಮಾ," ಎನ್ನುತ್ತ ನಾಗಿಯ ಹಳೆಯ ಜೊತೆಗಾತಿ ಕಮಲಿ ತಾನೇ ಹೇಳತೊಡಗಿದಳು. ಅವಳ ಹಿಂದೆ ಇಡೀ ಕೋಣೆ ಹಾಡಿತು. ಐವತ್ತು ವರ್ಷಗಳ ನಂತರ ನಾಗಿ ಮುಂದಿನ ಸೊಲ್ಲನ್ನು ತಾನೇ ಎತ್ತಿದಳು. ಬೀರಪ್ಪ ಕಣ್ಣೊರೆಸಿಕೊಂಡ.

ಹೊರಗೆ ಧನ್ಯಾ ಮೆಲ್ಲಗೆ ಕೇಳಿದಳು, "ಹಾಡೂಕೆ ಬರದಿದ್ರೂ ಎಂತಕ್ಕೆ ಹಾಡಿದ್ರಿ?"

"ನಿಮ್ಮೊಬ್ರನ್ನೇ ಬಿಡೂಕೆ ಮನಸಾಗ್ಲಿಲ್ಲ. ಇನ್ಮುಂದೂ ಆಗೂದಿಲ್ಲ, ಧನ್ಯಾ. ನೀವಂದ್ರೆ ನಂಗೆ ಪ್ರೀತಿ."

"ನಂಗೂ... ಇದನ್ನ ಅಪ್ಪನ ಹತ್ರ ಹೇಳಿ. ಈಗ್ಲೇ, ಎಲ್ಲರೆದುರು."

"ಬೈದ್ರೆ?"

ಅವಳು ಅವನ ಕೈ ಹಿಡಿದಳು. "ಬೈಯ್ಲಿ. ನಾ ಪಕ್ಕದಲ್ಲೇ ನಿಂತಿರ್ತೆ."