ಬೈಲಪ್ಪನ ಕಾರ್ಡು

೧೯೭೮ರ ಸೆಪ್ಟೆಂಬರ್ ೧೪, ಗುರುವಾರ. ಬೆಳಿಗ್ಗೆ ೧೦.೨೦ಕ್ಕೆ ಅರಿಶಿನಕುಂಟೆಯ ಮುನಿವೆಂಕಟಮ್ಮ ನೆಲಮಂಗಲ ಠಾಣೆಗೆ ಬಂದು, ಬೆಂಚಿನ ಮೇಲೆ ಕೂರಲು ಒಪ್ಪದೆ ನಿಂತೇ ದೂರು ಹೇಳಿದಳು. ಆಕೆಯ ಗಂಡ ಬೈಲಪ್ಪ ತುಮಕೂರು ರಸ್ತೆಯ ಸಾಣೆಚಕ್ರದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕಲ್ಲುಪುಡಿಯ ಧೂಳು ಕುಡಿದು, ಐದು ದಿನದ ಹಿಂದೆ ಉಸಿರು ಸಿಗದೆ ಸತ್ತಿದ್ದ. ವಯಸ್ಸು ಮೂವತ್ತೆಂಟು.

"ಕಾಯಿಲೆಯಿಂದ ಸತ್ತರೆ ಪೊಲೀಸರು ಏನು ಮಾಡೋಕಾಗುತ್ತಮ್ಮ?" ಎಂದರು ಸಬ್ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ.

"ಕಾಯ್ಲೆ ಐತೆ ಅಂತ ಸಂಕ್ರಾಂತಿ ಹೊತ್ಗೇ ಗೊತ್ತಿತ್ತು ಸ್ವಾಮಿ. ಕಾರ್ಖಾನೆಗೆ ಬಂದಿದ್ದ ಡಾಕ್ಟ್ರು ಎಲ್ರ ಎದೆ ಫೋಟೋ ತೆಗುದ್ರು. ಇವ್ರು ಬಿಡ್ದೆ ಕೇಳ್ದಾಗ, 'ಕಲೆ ಐತೆ ಕಣಯ್ಯ, ನಿನ್ನಂಗೆ ಇನ್ನೂ ಹತ್ತು ಜನ ಅವ್ರೆ. ಪಟ್ಟಿ ಬರ್ಲಿ, ಧೂಳಿಲ್ಲದ ಕೆಲಸಕ್ಕೆ ಹಾಕ್ತಾರೆ' ಅಂದ್ರಂತೆ. ಪಟ್ಟಿ ಬಂತು. ಎದೆ ಚೆನ್ನಾಗೈತೆ ಅಂತಿತ್ತು. ಎಂಟು ತಿಂಗ್ಳು ಅದೇ ಧೂಳಲ್ಲಿ ದುಡುದ್ರು. ಹಂಗೆ ಬರ್ದಿದ್ದು ಯಾರು? ಅದೊಂದು ಹೇಳಿ, ಸಾಕು."

ವೆಂಕಟರಾಯಪ್ಪನವರ ಪೆನ್ನು "ಇನ್ನೂ ಹತ್ತು ಜನ" ಎಂಬಲ್ಲಿ ನಿಂತಿತು. ಹಾಗಿದ್ದರೆ ಆ ಹತ್ತು ಜನ ಈ ಹೊತ್ತಿನಲ್ಲೂ ಧೂಳು ಕುಡಿಯುತ್ತಿದ್ದಾರೆ, ಅವರಿಗೇ ಗೊತ್ತಿಲ್ಲ. ಅಪರಾಧ ಸಂಖ್ಯೆ ೧೩೧/೭೮, ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಬೆಂಗಳೂರಿನಲ್ಲಿ ಆ ಡಾಕ್ಟರು ಸಿಕ್ಕಿದರು. ಹನ್ನೊಂದು ಜನರಿಗೆ ಕಲೆ ಇದ್ದದ್ದು ನಿಜ ಎಂದರು. ಹೆಸರು?

"ಮೂರು ದಿನದಲ್ಲಿ ನಾನೂರು ಎದೆ ನೋಡಿದೀನಿ ಇನ್ಸ್‌ಪೆಕ್ಟರೇ. ಎಲ್ಲಾ ಫಾರಂನಲ್ಲಿ ಬರೆದು ಕಾರ್ಖಾನೆಗೆ ಕೊಟ್ಟೆ."

ಕಾರ್ಖಾನೆಯವರು ಆ ಫಾರಂಗಳನ್ನು ಸುಟ್ಟಿದ್ದರು. ಎಕ್ಸ್‌ರೇ ಫಿಲಂಗಳನ್ನು ಅವುಗಳಲ್ಲಿರುವ ಬೆಳ್ಳಿಗಾಗಿ ಮಾರಿಬಿಟ್ಟಿದ್ದರು. ಎಲ್ಲ ಗಣಕಯಂತ್ರದಲ್ಲಿ ಇರುವಾಗ ಕಾಗದ ಯಾಕೆ ಎಂದು ಮ್ಯಾನೇಜರು ಬಲು ಹೆಮ್ಮೆಯಿಂದ ಹೇಳಿ, ಜನವರಿಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಅವರದೇ ಸಹಿ ಇತ್ತು.

"ಓದಿ ಸಹಿ ಮಾಡಿದ್ರಾ?"

"ನಾನೂರು ಹೆಸರು ಯಾರ್ರೀ ಓದ್ತಾರೆ?"

ಓದಿದವನು ದಫೇದಾರ್ ಗಂಗಣ್ಣ. ಅರಿಶಿನಕುಂಟೆಯವನೇ. ಸಂಜೆ ಠಾಣೆಯಲ್ಲಿ ಬೀಡಿ ಹಚ್ಚಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದವನು ಥಟ್ಟನೆ ಎದ್ದು ನಿಂತ.

"ಸಾರ್, ಮುನಿಶಾಮಪ್ಪ. ತೂಕ ನಲವತ್ತೊಂಬತ್ತು ಕೆ.ಜಿ., ಎದೆ ಚೆನ್ನಾಗಿದೆ, ಪರೀಕ್ಷೆ ಜನವರಿ ಎಪ್ಪತ್ತೆಂಟು."

"ಆಯ್ತು, ಅದಕ್ಕೇನೀಗ?"

"ಇವನು ಹೋದ ಕಾರ್ತೀಕದಲ್ಲೇ ಲಾರಿ ಕೆಳಗೆ ಸತ್ತ ಸಾರ್! ಪಂಚನಾಮೆ ಬರೆದಿದ್ದು ನಾನೇ. ಹೆಣ ಎತ್ತಿದ್ದೂ ನಾನೇ."

ಹಳೆಯ ಕಡತ ತೆಗೆಸಿದರು. ೧೯೭೭ರ ನವೆಂಬರ್ ೨೨, ತುಮಕೂರು ರಸ್ತೆ. ಮುನಿಶಾಮಪ್ಪ, ಸಾಣೆಚಕ್ರದ ಕಾರ್ಖಾನೆಯ ಕೆಲಸಗಾರ. ಸತ್ತವನು ಎರಡು ತಿಂಗಳಾದ ಮೇಲೆ ತಕ್ಕಡಿ ಹತ್ತಿದ್ದಾನೆ ಎಂದು ಪಟ್ಟಿ ಹೇಳುತ್ತಿತ್ತು. ಅಂದರೆ ಅದು ಈ ವರ್ಷದ ಪಟ್ಟಿಯೇ ಅಲ್ಲ, ಹೋದ ವರ್ಷದ್ದು. ಮೇಲೆ ಬರೆದ ವರ್ಷ ಮಾತ್ರ ಹೊಸದು.

ಮರುದಿನ ಬೆಳಿಗ್ಗೆ ೯.೪೦ಕ್ಕೆ ಇಬ್ಬರೂ ಗಣಕಯಂತ್ರದ ಕೋಣೆಗೆ ಹೋದರು. ಚಪ್ಪಲಿ, ಬೂಟು ಹೊರಗೇ ಬಿಡಬೇಕು ಎಂದು ಬಾಗಿಲಲ್ಲಿ ಬರೆದಿತ್ತು. ಗಂಗಣ್ಣ ಲೇಸು ಬಿಚ್ಚುತ್ತಾ ಗೊಣಗಿದ. ಒಳಗೆ ಮೈ ನಡುಗುವ ಚಳಿ. ಯಂತ್ರದ ಹಣೆಯಲ್ಲಿ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಆ ಕೋಣೆಯ ಯಜಮಾನ ಆದಿನಾರಾಯಣಪ್ಪ, ನಲವತ್ತೇಳು ವರ್ಷದ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ.

"ಈ ಪಟ್ಟಿ ತೆಗೆದವರು ಯಾರು?"

"ಯಂತ್ರ ಸಾರ್."

"ಯಂತ್ರವನ್ನ ಅರೆಸ್ಟ್ ಮಾಡೋಕಾಗಲ್ಲ. ನಡೆಸಿದವರು ಯಾರು?"

"ನಾನು. ಮಾಹಿತಿ ತುಂಬಿಡೋ ಟೇಪು ಹಾಳಾಗಿರಬಹುದು ಸಾರ್. ಒಂದೊಂದ್ಸಲ ಆಗುತ್ತೆ."

"ಟೇಪಿಗೆ ಮುಂಚೆ ಏನಿತ್ತು?"

"ತೂತಿನ ಕಾರ್ಡು. ಒಬ್ಬರಿಗೊಂದು. ಅವು ರದ್ದಿಗೆ ಹೋದವು."

ಡಾಕ್ಟರ ಫಾರಂ ನೋಡಿ ಆ ಕಾರ್ಡುಗಳಿಗೆ ತೂತು ಹೊಡೆದವಳು ಅನುಸೂಯಮ್ಮ. ಮೂಲೆಯ ಯಂತ್ರದ ಮುಂದೆ ಕುಳಿತಿದ್ದ ಆಕೆ ತಲೆ ಎತ್ತಿ ಆದಿನಾರಾಯಣಪ್ಪನವರನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು. ವೆಂಕಟರಾಯಪ್ಪ ಅದನ್ನು ಗಮನಿಸಿ, ಊಟದ ಹೊತ್ತಿಗೆ ಆಕೆಯೊಬ್ಬಳನ್ನೇ ಮಾತಾಡಿಸಿದರು.

"ಇವತ್ತಿಗೂ ನನ್ನನ್ನ ಮಗಳೇ ಅಂತ ಕರೀತಾರೆ ಸಾರ್. ಕೆಲಸ ಕಲಿಸಿದ್ದೇ ಅವರು," ಎಂದು ಆಕೆ ಅತ್ತಳು. ಆಮೇಲೆ ಎದ್ದು ಹೋಗಿ ಒಂದು ಉದ್ದನೆಯ ಕಾಗದದ ಸುರುಳಿ ತಂದಳು. ಯಂತ್ರ ತಾನು ಮಾಡಿದ್ದನ್ನೆಲ್ಲ ತಾನೇ ಟೈಪು ಮಾಡಿಡುವ ದಿನಚರಿ ಅದು. ಜನವರಿ ೧೭, ಮಂಗಳವಾರ. ಸಂಜೆ ೪.೩೫, ೪.೪೨, ೪.೫೦. ಮೂರು ಸಲವೂ ಒಂದೇ ಸಾಲು: ಟೇಪಿನ ಹೆಸರು ಹೊಂದುತ್ತಿಲ್ಲ, ಕೆಲಸ ನಿಲ್ಲಿಸಲಾಗಿದೆ. ೫.೧೫ಕ್ಕೆ: ನಕಲು ಮುಗಿಯಿತು.

"ನಡುವೆ ಏನಾಯ್ತಮ್ಮ?"

"ಹೊಸ ವರ್ಷದ ಟೇಪು ಮಾಡಿದ್ಮೇಲೆ ಹಳೇ ಟೇಪಿನ ಮೇಲೆ ಅದರ ನಕಲು ತೆಗೀತೀವಿ ಸಾರ್, ಒಂದು ಹೋದ್ರೆ ಇನ್ನೊಂದಿರ್ಲಿ ಅಂತ. ಅವತ್ತು ಎರಡೂ ಟೇಪು ಅದಲು ಬದಲು ಹಾಕಿದಾರೆ. ಹೊಸದರ ಮೇಲೆ ಹಳೇದು ಬರೆಯೋಕೆ ಹೋದಾಗ ಯಂತ್ರ ಬೇಡ ಅಂತು. ಮೂರು ಸಲ ಬೇಡ ಅಂತು. ಇವರು ಟೇಪು ನೋಡ್ಲಿಲ್ಲ. ಪ್ರೋಗ್ರಾಂನಲ್ಲೇ ತಪ್ಪಿದೆ ಅಂದ್ಕೊಂಡು ಅದರಲ್ಲಿದ್ದ ಟೇಪಿನ ಹೆಸರು ಬದಲಾಯಿಸಿದ್ರು. ಹೆಸರು ಹೊಂದಿದ್ಮೇಲೆ ಯಂತ್ರ ಯಾಕೆ ಬೇಡ ಅನ್ನುತ್ತೆ?"

ಕೋಬಾಲ್ ಎಂಬ ಆ ಯಂತ್ರಭಾಷೆ ವೆಂಕಟರಾಯಪ್ಪನವರಿಗೆ ಒಂದಕ್ಷರವೂ ತಿಳಿಯದು. ಆದರೆ ಆಕೆ ತೋರಿಸಿದ ಪ್ರೋಗ್ರಾಂ ಕಾಗದದಲ್ಲಿ ಟೇಪಿನ ಹೆಸರಿನ ೭೭ ಎಂಬುದನ್ನು ಹೊಡೆದು ೭೮ ಎಂದು ತಿದ್ದಿದ್ದು, ಪಕ್ಕದಲ್ಲಿ ಆದಿನಾರಾಯಣಪ್ಪನವರ ಸಹಿ ಇದ್ದದ್ದು ಯಾರಿಗಾದರೂ ತಿಳಿಯುವಂತಿತ್ತು. ಹನ್ನೊಂದು ಹೆಸರುಗಳು ಆ ಸಂಜೆ ಐದೂಕಾಲಿಗೆ ಅಳಿಸಿಹೋಗಿದ್ದವು.

ಗಂಗಣ್ಣ ಅಷ್ಟರಲ್ಲಿ ಗೇಟಿನಲ್ಲಿ ರದ್ದಿ ರಿಜಿಸ್ಟರು ಓದುತ್ತಿದ್ದ. ಹೊರಗೆ ಹೋದ ಪ್ರತಿ ಕಾರ್ಡು ಪೆಟ್ಟಿಗೆಗೂ ನಂಬರು ಇತ್ತು. ವೈದ್ಯಕೀಯ ಕಾರ್ಡುಗಳ ಪೆಟ್ಟಿಗೆ ಮಾತ್ರ ಹೋಗಿಯೇ ಇರಲಿಲ್ಲ.

"ಮನೇಲಿಟ್ಕಂಡವ್ನೆ ಸಾರ್. ಇಂಥ ಮನುಷ್ಯರು ಏನನ್ನೂ ಬಿಸಾಕಲ್ಲ," ಎಂದ.

ಸೆಪ್ಟೆಂಬರ್ ೧೬, ಶನಿವಾರ ಬೆಳಿಗ್ಗೆ ೭.೩೦ಕ್ಕೆ ಶೋಧನಾ ವಾರಂಟು ಹಿಡಿದು ಆದಿನಾರಾಯಣಪ್ಪನವರ ನೆಲಮಂಗಲದ ಮನೆಗೆ ಹೋದರು. ಇಬ್ಬರು ಪಂಚರ ಎದುರು ಅಟ್ಟದ ಮೇಲಿನ ರಾಗಿ ಡಬ್ಬ ಇಳಿಸಿದಾಗ, ರಾಗಿಗೆ ಬದಲು ಅದರಲ್ಲಿ ರಬ್ಬರ್ ಬ್ಯಾಂಡು ಹಾಕಿದ ಕಾರ್ಡಿನ ಕಟ್ಟುಗಳಿದ್ದವು. ಹುಳು ಹತ್ತದಿರಲೆಂದು ಬೇವಿನ ಎಲೆ ಹಾಕಿದ್ದರು. ಆದಿನಾರಾಯಣಪ್ಪ ಗೋಡೆಗೊರಗಿ ಕುಳಿತರು.

"ತಪ್ಪಾಗಿದೆ ಅಂತ ಯಾವಾಗ ಗೊತ್ತಾಯ್ತು?"

"ಅವತ್ತೇ ಸಾರ್. ಆರು ಗಂಟೆಗೆ ಪಟ್ಟಿ ಹೊರಗೆ ಬಂತು. ಮುನಿಶಾಮಪ್ಪನ ಹೆಸರು ಕಣ್ಣಿಗೆ ಬಿತ್ತು. ಅವನ ಮಣ್ಣಿಗೆ ನಾನೂ ಹೋಗಿದ್ದೆ."

"ಕಾರ್ಡು ಕೈಯಲ್ಲೇ ಇತ್ತು. ಮತ್ತೆ ಹಾಕೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ."

"ಎಂಟು ತಿಂಗಳಲ್ಲಿ ಒಂದು ಗಂಟೆ ಸಿಗಲಿಲ್ವೇನ್ರೀ?"

ಆದಿನಾರಾಯಣಪ್ಪ ಕನ್ನಡಕ ತೆಗೆದರು, ಒರೆಸಲಿಲ್ಲ.

"ಮಾಡಿದ ಕೆಲಸವನ್ನೇ ಮತ್ತೆ ಮಾಡ್ಬೇಕಾದ್ರೆ ಮ್ಯಾನೇಜರಿಗೆ ಚೀಟಿ ಬರೀಬೇಕು ಸಾರ್. ಚೀಟೀಲಿ 'ಕಾರಣ' ಅಂತ ಒಂದು ಕಾಲಂ ಇದೆ. ದಿನಾ ತುಂಬಿಸೋಕೆ ಕೂರ್ತಿದ್ದೆ."

೮.೧೦ಕ್ಕೆ ದಸ್ತಗಿರಿಯಾಯಿತು. ನಿರ್ಲಕ್ಷ್ಯದ ಜೊತೆಗೆ ಸುಳ್ಳು ದಾಖಲೆಯ ಕಲಮೂ ಸೇರಿತು.

ಅವರ ಹೇಳಿಕೆ ಆರು ಪುಟವಾಯಿತು. ಯಂತ್ರ ಬಂದಾಗ ಅವರಿಗೆ ನಲವತ್ತಮೂರು. ಈ ಮುದುಕ ಮೂರು ತಿಂಗಳೂ ನಿಲ್ಲುವುದಿಲ್ಲ ಎಂದು ಜೊತೆಯ ಹುಡುಗರು ಆಡಿಕೊಂಡು ನಕ್ಕಿದ್ದರು. ಅವರು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆ ಭಾಷೆ ಕಲಿತರು. ಪ್ರತಿ ಆಯುಧಪೂಜೆಗೆ ಮ್ಯಾನೇಜರು ಶಾಲು ಹೊದಿಸಿ, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೂ ತಪ್ಪು ಮಾಡದ ಮನುಷ್ಯ ಎಂದು ಎಲ್ಲರೆದುರು ಹೇಳುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತಿಗೆ ಅವರು ಅಷ್ಟು ಹೆದರಿದ್ದರು. ಅದಕ್ಕೆ ಜೀವ ಹೋಯಿತು. ಬೇರೆ ಯಾವ ದುರಾಸೆಯೂ ಆ ಆರು ಪುಟದಲ್ಲಿ ಇರಲಿಲ್ಲ.

ಅನುಸೂಯಮ್ಮ ಠಾಣೆಗೆ ಬಂದು ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಬಲತುದಿಯ ತೂತು ಮೇಲಿದ್ದರೆ ಎದೆ ಚೆನ್ನಾಗಿದೆ, ಕೆಳಗಿದ್ದರೆ ಕಲೆ. ಹನ್ನೊಂದು ಕಾರ್ಡು ಬೇರೆಯಾದವು. ೧೧.೩೦ಕ್ಕೆ ಗಂಗಣ್ಣ ಕಾರ್ಖಾನೆಯ ಗೇಟಿನಲ್ಲಿ ನಿಂತು ಬೈಲಪ್ಪನ ಹೆಸರು ಬಿಟ್ಟು ಹತ್ತು ಹೆಸರು ಕೂಗಿದ. ಎಂಟು ಜನ ಮೈಯೆಲ್ಲ ಬಿಳಿ ಧೂಳಾಗಿ ಹೊರಗೆ ಬಂದರು. ಒಬ್ಬ ಕೆಮ್ಮು ಎಂದು ರಜ ಹಾಕಿ ತನ್ನೂರು ಸಾಸಲಿಗೆ ಹೋಗಿದ್ದ. ಇನ್ನೊಬ್ಬ ದೊಡ್ಡಮುನಿಯಪ್ಪ. ಜೂನ್‌ನಲ್ಲೇ ತೀರಿಕೊಂಡಿದ್ದ, ಯಾರೂ ದೂರು ಕೊಟ್ಟಿರಲಿಲ್ಲ.

ಸಂಜೆ ಮುನಿವೆಂಕಟಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಬಂದಳು. ನಡೆದದ್ದನ್ನೆಲ್ಲ ವೆಂಕಟರಾಯಪ್ಪ ನಿಧಾನವಾಗಿ ತಿಳಿಸಿದರು. ಆಕೆ ಕೊನೆಯವರೆಗೂ ಕೇಳಿ, "ಇವ್ರದು ಯಾವ್ದು?" ಎಂದಳು.

ಅನುಸೂಯಮ್ಮ ಕಾರ್ಡು ತೆಗೆದು, ಬಲತುದಿಯ ತೂತು ತೋರಿಸಿದಳು. ಮುನಿವೆಂಕಟಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ತೂತಿನ ಮೇಲೆ ಕಿರುಬೆರಳು ಇಟ್ಟಳು. ಉಗುರಿನ ತುದಿಯೂ ಒಳಗೆ ಹೋಗಲಿಲ್ಲ.

"ಇಷ್ಟೇಯಾ?" ಎಂದಳು.

ಅದು ಸಾಕ್ಷ್ಯದ ವಸ್ತು, ಆಕೆಗೆ ಕೊಡಲು ಬರುವುದಿಲ್ಲ. ಗಂಗಣ್ಣ ಕಾರ್ಡನ್ನು ಆಕೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಲಕೋಟೆಗೆ ಹಾಕಿ ಅರಗು ಒತ್ತಿ, ಮೇಲೆ ಬರೆದ: ಮಾಲು ನಂಬರ್ ಒಂದು, ಬೈಲಪ್ಪ.