ನೀರಿಗೆ ಜ್ವರ ನೋಡಿದವನು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದಳು. ಫ್ರಿಜ್ಜಿನಲ್ಲಿಟ್ಟಿದ್ದ ಫಿಲ್ಮ್ ರೋಲ್ ಕಳುವಾಗಿದೆ ಎಂಬುದು ದೂರು.

"ಒಡವೆ ಹೋಗಿದ್ರೂ ಇಷ್ಟು ಸಂಕಟ ಆಗ್ತಿರ್ಲಿಲ್ಲ ಸಾರ್. ನಮ್ಮೆಜಮಾನ್ರು ತೀರಿಕೊಂಡ ವಾರ ತಾವೇ ತೆಗೆದ ಫೋಟೋ ಅದರಲ್ಲಿದೆ. ಸ್ಲೈಡ್ ಫಿಲ್ಮು, ಮನೇಲಿ ಅವರೇ ತೊಳೀತಿದ್ರು. ಹಾಳಾದೀತು ಅಂತ ಯಾರ ಕೈಗೂ ಕೊಟ್ಟಿರ್ಲಿಲ್ಲ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಪಂಚನಾಮೆಗೆ ಹೋದ ಮುಖ್ಯಪೇದೆ, ಖಾಕಿ ತೊಡುವ ಮುಂಚೆ ಆರು ವರ್ಷ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ದುಡಿದವನು. ಬೀಗ ಒಡೆದಿರಲಿಲ್ಲ. ರೋಲಿನ ಜೊತೆ ರಾಸಾಯನಿಕದ ಬಾಟಲಿಗಳು, ತೊಳೆಯುವ ಕಪ್ಪು ಡಬ್ಬಿ ಕೂಡ ಮಾಯ. ಥರ್ಮಾಮೀಟರ್ ಮಾತ್ರ ಕಪಾಟಿನ ಹಿಂದೆ ಬಿದ್ದಿತ್ತು.

"ತೊಳೆಯೋಕೇ ಕದ್ದಿದ್ದಾನೆ ಸಾರ್. ಮೂವತ್ತೆಂಟು ಡಿಗ್ರಿ ನೀರು ಬೇಕೇ ಬೇಕು. ಥರ್ಮಾಮೀಟರ್ ಎಲ್ಲಾದ್ರೂ ಕೊಂಡಿರ್ತಾನೆ."

ಹನ್ನೆರಡೂವರೆಗೆ ಮೂರನೇ ಔಷಧಿ ಅಂಗಡಿಯಲ್ಲಿ ಸುಳಿವು ಸಿಕ್ಕಿತು.

"ನಿನ್ನೆ ಒಬ್ಬ ತಗೊಂಡ. ಜ್ವರ ಯಾರಿಗಪ್ಪಾ ಅಂದ್ರೆ, ನೀರಿಗೆ ಅಂದ. ತಲೆ ನೆಟ್ಟಗಿಲ್ಲ ಅಂದ್ಕೊಂಡೆ."

"ಯಾರವನು?"

"ಎದುರಿನ ಕನ್ನಡಕದ ಅಂಗಡಿಯವನು."

ಠಾಣೆಯಲ್ಲಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಇದನ್ನು ತಿಳಿಸಿದರು. "ನನ್ನ ಮೈದುನ ಸಾರ್. ಎರಡು ವರ್ಷದಿಂದ ಅಣ್ಣ ತಮ್ಮ ಮಾತು ಬಿಟ್ಟಿದ್ರು. ಮನೆ ಕೀ ಒಂದು ಅವನ ಹತ್ರಾನೇ ಉಳಿದಿತ್ತು."

ಒಂದೂವರೆಗೆ ಇನ್‌ಸ್ಪೆಕ್ಟರ್, ಮುಖ್ಯಪೇದೆ, ಅತ್ತಿಗೆ ಮೂವರೂ ಮೈದುನನ ಮನೆ ತಲುಪಿದರು. ಬಚ್ಚಲಲ್ಲಿ ಬಕೆಟ್ ಮುಂದೆ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ನೀರಿನಲ್ಲಿ ಫಿಲ್ಮ್ ಸುರುಳಿ.

"ಹಾಳು ಮಾಡಿಬಿಟ್ಟೆ ಅತ್ತಿಗೆ. ನೋಡಿ, ಹಾಲು ಬಿದ್ದಂಗೆ ಮಂಕಾಗಿದೆ. ಅಣ್ಣ ಮಾಡಿದ ಹಾಗೇ ಮಾಡಿದ್ದೆ."

ಅತ್ತಿಗೆ ಸೆರಗು ಬಾಯಿಗೊತ್ತಿದಳು.

ಮುಖ್ಯಪೇದೆ ಸುರುಳಿ ಎತ್ತಿ ಬೆಳಕಿಗೆ ಹಿಡಿದ. ಅವನ ಹೆಗಲು ಹಗುರಾಯಿತು.

"ಅಣ್ಣ ಒಣಗಿಸೋದು ನೋಡಿರ್ಲಿಲ್ವಾ ನೀನು? ಒದ್ದೆ ಇದ್ದಾಗ ಸ್ಲೈಡು ಹಿಂಗೇ ಇರುತ್ತೆ ಮಾರಾಯ. ಎರಡು ಕ್ಲಿಪ್ ಕೊಡು."

ಬಟ್ಟೆ ಹಗ್ಗಕ್ಕೆ ಫಿಲ್ಮ್ ತೂಗಿತು. ಅದರಡಿ ಕೂತು ಇನ್‌ಸ್ಪೆಕ್ಟರ್ ಜಪ್ತಿ ಪಂಚನಾಮೆ ಬರೆದರು.

"ಯಾಕಯ್ಯಾ ಕದ್ದೆ?"

"ಕೊನೇ ಸಲ ಕಂಡಾಗ ಅಣ್ಣ ನನ್ನ ಅಂಗಡಿ ಎದುರು ಫುಟ್‌ಪಾತಲ್ಲಿ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದ. ನಾನು ನೋಡಿಯೂ ನೋಡದ ಹಾಗೆ ಗಾಜು ಒರೆಸ್ತಿದ್ದೆ. ತೆಗೆದಿದ್ದು ನನ್ನನ್ನೋ ಬರೀ ರಸ್ತೇನೋ, ತಿಳೀಬೇಕಿತ್ತು. ಕೇಳಿದ್ರೆ ಅತ್ತಿಗೆ ಕೊಡ್ತಿರ್ಲಿಲ್ಲ."

ಮೂರೂ ಮುಕ್ಕಾಲಿಗೆ ಫಿಲ್ಮ್ ಒಣಗಿ, ಮಂಕು ಹರಿದು ಬಣ್ಣ ಮೂಡಿತು. ಅತ್ತಿಗೆಯೇ ಕಿಟಕಿಗೆ ಹಿಡಿದು ನೋಡಿದಳು. ಹೊಲಿಗೆ ಯಂತ್ರದ ಮುಂದೆ ತಾನು; ಆಮೇಲೆ ಕನ್ನಡಕದ ಅಂಗಡಿ, ಗಾಜು ಒರೆಸುವ ಮೈದುನ. ಒಂದಲ್ಲ, ಆರು.

"ಆರೂ ನೀನೇ ಕಣೋ," ಎಂದು ಅವನ ಕೈಗೆ ಕೊಟ್ಟಳು.

ನಾಲ್ಕೂ ಹತ್ತಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು, "ಜಾಮೀನು ಯಾರು?"

"ನಾನೇ," ಎಂದಳು ದೂರು ಕೊಟ್ಟವಳು.