ಕೈ ಎತ್ತಿದರೆ ಕಾಯಿ

"ಜಾನಕಿಯಮ್ಮಾ, ಈ ಆಟ ಮಾಡಿದವನಿಗೆ ಕರುಳೇ ಇಲ್ಲ!" ನಿತ್ಯಾ ಲ್ಯಾಪ್‌ಟಾಪನ್ನು ಪಟ್ಟಂತ ಮುಚ್ಚಿದಳು.

ತಮಿಳುನಾಡಿನ ಪೊಳ್ಳಾಚಿಯ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಅವಳೊಬ್ಬಳೇ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ ಜಾನಕಿಯಮ್ಮ, ಮಗ್ಗದ ಮನೆಯ ಮುದುಕಿ. ಪರದೆಯ ಮೇಲಿನ ತೆಂಗಿನಕಾಯಿ ಕೀಳಲು ಕಷ್ಟಪಟ್ಟು ಭುಜದವರೆಗೆ ಕೈ ಎತ್ತಿದ್ದಳು. 'ಸೋತಿರಿ' ಎಂದು ಕೆಂಪಕ್ಷರ ಬಂದಿತ್ತು. ಈಗ ಕೈ ಇಳಿಸಿ ಅಳುತ್ತಿದ್ದಳು.

"ಕರುಳಿದೆ. ತಲೆ ಇಲ್ಲ ಅಷ್ಟೇ," ಎಂದಿತು ಬೆನ್ನ ಹಿಂದಿನ ದನಿ. ಕನ್ನಡದಲ್ಲೇ.

ನಿತ್ಯಾ ನಾಲಗೆ ಕಚ್ಚಿಕೊಂಡಳು. ಆಟ ಮಾಡಿ ತಂದಿದ್ದ ಕೊಯಮತ್ತೂರಿನ ಇಂಜಿನಿಯರ್ ಚೆನ್ನಕೇಶವನ್ ಜತೆ ಬೆಳಗಿನಿಂದ ತಮಿಳೇ ಆಡಿದ್ದಳು.

"ನಿಮ್ಮ ಮನೇಲೂ ಕನ್ನಡಾನಾ?"

"ಹ್ಞೂಂ. ಓದೋಕೆ ಬರಲ್ಲ. ಬೈದ್ರೆ ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ." ಅವನ ಕಣ್ಣು ನಗುತ್ತಿತ್ತು.

ಮುಂದಿನ ಸಲ ಅವನು ಆಟ ತರಲಿಲ್ಲ, ಆಟ ಮಾಡುವ ಸಾಧನ ತಂದ. ಪರದೆಯ ಮೇಲೆ ಬಣ್ಣದ ತುಂಡುಗಳು. 'ಕೈ ಎತ್ತಿದರೆ' ಎಂಬುದರ ಕೆಳಗೆ 'ಕಾಯಿ ಬೀಳಲಿ' ಎಂಬುದನ್ನು ಎಳೆದು ಜೋಡಿಸಿದರೆ ಸಾಕು, ಪ್ರೋಗ್ರಾಮ್ ಆಗುತ್ತದೆ.

"ಕೋಡಿಂಗ್ ಗೊತ್ತಿಲ್ಲದವರೂ ಆಟ ಮಾಡಬೇಕು. ನೀವೇ ನನ್ನ ಮೊದಲ ವಿದ್ಯಾರ್ಥಿ," ಎಂದು ಫೋನಿನ ಕ್ಯಾಮೆರಾ ಆನ್ ಮಾಡಿದ. "ಎಲ್ಲಿ ತಡವರಿಸ್ತೀರಿ ಅಂತ ನೋಡಬೇಕು. ಈ ವಿಡಿಯೋ ನನಗೆ ಮಾತ್ರ."

ಅವಳು ಮೌಸ್ ಬಿಟ್ಟು ಪರದೆಯನ್ನೇ ಬೆರಳಿನಿಂದ ತಳ್ಳಿದಳು. ತುಂಡುಗಳು ಜಾರಿಹೋದಾಗ "ಅಯ್ಯೋ, ಬಾರೋ ಇಲ್ಲಿ!" ಎಂದು ಗದರಿದಳು. ಅವನು ನಗಲಿಲ್ಲ. ಅವಳ ಕೈಯ ಪಕ್ಕದಲ್ಲಿ ಕೈಯಿಟ್ಟು ನಿಧಾನವಾಗಿ ತೋರಿಸಿದ. ಅಷ್ಟು ಹತ್ತಿರದಲ್ಲಿ ಅವನ ಶರ್ಟಿನ ಇಸ್ತ್ರಿಯ ವಾಸನೆ ಬಂತು.

ಕೆಲವೇ ವಾರಗಳಲ್ಲಿ ಅವಳು ಅವನಿಗೇ ಕಲಿಸತೊಡಗಿದಳು. ಎಲ್ಲರ ಕೈಗೂ ಒಂದೇ ಎತ್ತರ ಬೇಡ. ಇವತ್ತು ಎಷ್ಟು ಎತ್ತಬಲ್ಲರೋ ಮೊದಲು ಅದನ್ನು ಅಳೆಯುವ ತುಂಡು ಬೇಕು. 'ಸೋತಿರಿ' ಅನ್ನೋ ತುಂಡನ್ನೇ ಕಿತ್ತುಹಾಕಿ.

"ಆಮೇಲೆ?" ಎಂದ ಅವನು, ಪರದೆ ಬಿಟ್ಟು ಅವಳನ್ನೇ ನೋಡುತ್ತ.

"ಆಮೇಲೆ ಲ್ಯಾಪ್‌ಟಾಪ್ ನೋಡ್ರಿ."

ಜಾನಕಿಯಮ್ಮ ಕಿವಿಯ ಮೇಲಕ್ಕೆ ಕೈ ಎತ್ತಿದ ದಿನ ಅವನು ನಿತ್ಯಾಳ ಬೆರಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಆ ಸಾಧನದ ಪ್ರದರ್ಶನ. ನಿತ್ಯಾ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ದೀಪ ಆರಿತು. ದೊಡ್ಡ ಪರದೆಯ ಮೇಲೆ ಅವಳೇ ಇದ್ದಳು: ಲ್ಯಾಪ್‌ಟಾಪಿಗೆ ಬೆರಳು ಒತ್ತುತ್ತ, "ಬಾರೋ ಇಲ್ಲಿ" ಎಂದು ಗದರುತ್ತ. ಸಭೆ ಘೊಳ್ಳೆಂದಿತು.

ಚೆನ್ನಕೇಶವನ್ ನಗು ನಿಲ್ಲುವವರೆಗೆ ಕಾದು, ಮೈಕಿನಲ್ಲಿ ತಮಿಳಿನಲ್ಲಿ ಹೇಳಿದ: "ಇವರಿಗೇ ಬಂತು ಅಂದ್ರೆ, ಯಾರಿಗೆ ಬರಲ್ಲ ಹೇಳಿ?"

ಮತ್ತೆ ನಗು. ಪಕ್ಕದ ಹೆಂಗಸು ನಿತ್ಯಾಳನ್ನು ಗುರುತಿಸಿ ಬಾಯಿ ಮುಚ್ಚಿಕೊಂಡಳು. ಕೈಯ ಎತ್ತರ ಅಳೆಯುವ ತುಂಡು ಬಂದಾಗ "ಇದು ನಾನು ಕಂಡುಕೊಂಡದ್ದು" ಎಂದ. ಅವಳು ಎದ್ದು ಹೊರಟಳು.

ಅವನು ಉಕ್ಕಡಂ ಬಸ್ ಸ್ಟ್ಯಾಂಡಿನವರೆಗೆ ಓಡಿಬಂದ.

"ತಮಾಷೆಗೆ ಹೇಳ್ದೆ ನಿತ್ಯಾ. ತಪ್ಪಾಯ್ತು. ಮನೆಗೆ ಬಂದು ಕೇಳೋಣ ಅಂತಿದ್ದೆ… ನಿನ್ನನ್ನ ಮದುವೆ ಆಗ್ತೀನಿ. ನೀನಂದ್ರೆ ಪ್ರಾಣ."

ಪೊಳ್ಳಾಚಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ನನಗೂ ಅಷ್ಟೇ," ಎಂದಳು ಅವಳು. ಇನ್ನೊಂದು ಮಾತು ಅವನು ಸರಿಯಾಗಿ ಆಡಿದ್ದರೆ ಅಲ್ಲೇ ಅವನ ಭುಜಕ್ಕೆ ಒರಗಿಬಿಡುತ್ತಿದ್ದಳು.

ಅವನು ಬೆವರು ಒರೆಸಿಕೊಂಡ. "ಮತ್ತೆ… ಆ ವಿಡಿಯೋ. ಎಲ್ಲರಿಗೂ ಅದೇ ಹಿಡಿಸಿತು. ಬೆಂಗಳೂರಿನ ಒಂದು ಕಂಪನಿಯವರು ಕೇಳ್ತಿದಾರೆ. ತೋರಿಸಬಹುದಲ್ವಾ? ನೀನು ಬೇಡ ಅಂದ್ರೆ ಬೇಡ."

ನಿತ್ಯಾ ಬಸ್ಸಿನತ್ತ ಹೆಜ್ಜೆ ಹಾಕಿದಳು.

"ತೋರಿಸಿ," ಎಂದಳು. "ಇನ್ನು ಮೇಲೆ ಕ್ಲಿನಿಕ್ಕಿಗೆ ಬರಬೇಡಿ."

ಆ ಎರಡು ಮಾತಿನಲ್ಲಿ ಮೊದಲನೆಯದು ಅವನಿಗೆ ಬೇಗ ಮುಟ್ಟಿತು. ಮುಖ ಅರಳಿತು. ಎರಡನೆಯದು ಅರ್ಥವಾಗಿ ಆ ಮುಖ ಬಾಡುವಷ್ಟರಲ್ಲಿ ಅವಳು ಬಸ್ಸು ಹತ್ತಿ, ಆಚೆ ಬದಿಯ ಕಿಟಕಿ ಹಿಡಿದು ಕೂತಿದ್ದಳು.